ಶಿಸ್ತಾಗಿ ತಪ್ಪುವ ಯಂತ್ರ

ಅತ್ತೆಯ ಕೈಯಲ್ಲಿದ್ದ ಜಿಪಿಎಸ್ ಯಂತ್ರ ಆ ಭಾನುವಾರವೂ ಕೈಕೊಟ್ಟಿತು. ಗುರಿ ಬಂತು, ಗುರಿ ಬಂತು ಎಂದು ಅದು ಸಂಭ್ರಮದಿಂದ ಬೀಪ್ ಹೊಡೆದುಕೊಂಡ ಜಾಗದಲ್ಲಿ ಇದ್ದದ್ದು ಕಾರು ತೊಳೆಯುವ ಅಂಗಡಿಯ ಹಿಂಗೋಡೆ.

"ಇಲ್ಲೇ ಅಂತಿದೆ ಕಣೆ."

"ಇಲ್ಲಿ ಎಲ್ಲಿ ಅತ್ತೆ? ಗೋಡೆಯೊಳಗೆ ಇಟ್ಟು ಗಾರೆ ಬಳಿದಿದ್ದಾರಾ? ಎಷ್ಟು ಮೀಟರ್ ತೋರಿಸ್ತಿದೆ ನೋಡಿ."

"ಕನ್ನಡಕ ತಂದಿಲ್ಲ. ನೀನೇ ಓದು."

ಕನ್ನಡಕ ತಂದಿಲ್ಲ! ಈ ಒಂದು ಮಾತಿಗೆ ಸೊಸೆಯ ನೆತ್ತಿ ಉರಿಯುತ್ತಿತ್ತು. ಮನೆಯಿಂದ ಹೊರಡುವಾಗ ಛತ್ರಿ, ನೀರಿನ ಬಾಟಲಿ, ಎರಡು ಕರವಸ್ತ್ರ ಎಲ್ಲ ನೆನಪಿರುತ್ತದೆ, ಕನ್ನಡಕ ಮಾತ್ರ ಟಿವಿಯ ಮೇಲೆ ಕೂತಿರುತ್ತದೆ.

ಈ ಹುಡುಕಾಟದ ಹುಚ್ಚು ಮನೆಗೆ ತಂದವರು ಮಾವ. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಇನ್ಯಾರೋ ಯಂತ್ರ ಹಿಡಿದು ಹೋಗಿ ಹುಡುಕಿ, ಒಳಗಿರುವ ಪುಸ್ತಕದಲ್ಲಿ ಸಹಿ ಹಾಕಿ, ಡಬ್ಬಿಯನ್ನು ಅಲ್ಲೇ ಇಟ್ಟು ಬರುತ್ತಾರೆ. ಅಷ್ಟೇ ಆಟ. ಸರ್ವೆ ಕಚೇರಿಯಲ್ಲಿ ಮೂವತ್ತೈದು ವರ್ಷ ನಕ್ಷೆ ಬರೆದ ಮನುಷ್ಯನಿಗೆ ನಿವೃತ್ತಿಯಲ್ಲಿ ಬೇರೇನು ರುಚಿಸೀತು? ಹನ್ನೆರಡು ವರ್ಷ ಪ್ರತಿ ಭಾನುವಾರ ಹೆಂಡತಿಯನ್ನು ಕರೆದರು. ಅತ್ತೆ ಒಂದು ದಿನವೂ ಹೋಗಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿ ಓಡಾಡಿದ ಕಾಲು ಇನ್ನೂ ನೋಯುತ್ತಿದೆ ಎನ್ನುತ್ತಿದ್ದರು.

ಎಂಟು ತಿಂಗಳ ಹಿಂದೆ ಮಾವ ಕೊನೆಯ ಸಲ ಕರೆದದ್ದು ಬೇರೆ ರೀತಿ. "ನಿನಗೋಸ್ಕರಾನೇ ಒಂದು ಇಟ್ಟಿದ್ದೀನಿ. ನೆಟ್‌ನಲ್ಲಿ ಹಾಕಿಲ್ಲ. ಮೊದಲ ಸಹಿ ನಿಂದೇ ಆಗ್ಬೇಕು, ಈ ಭಾನುವಾರ ಬಾ." ಅತ್ತೆ, "ಮುಂದಿನ ವಾರ ನೋಡೋಣ" ಎಂದರು. ಮುಂದಿನ ವಾರ ಬರುವಷ್ಟರಲ್ಲಿ ಮಾವನ ಎದೆಬಡಿತ ನಿಂತುಹೋಯಿತು.

ಉಳಿದದ್ದು ಈ ಯಂತ್ರ, ಮತ್ತು ಅವರ ನೋಟ್‌ಬುಕ್ಕಿನ ಕೊನೆಯ ಪುಟದ ಎರಡು ಸಾಲು ಅಂಕಿ. ಆ ಅಂಕಿ ನೀರಿನ ಟ್ಯಾಂಕಿನ ಪಕ್ಕದ ಪಾರ್ಕಿನ ಕಡೆಗಿದೆ ಎಂಬುದಷ್ಟು ತಿಳಿಯುತ್ತಿತ್ತು. ಆ ಪಾರ್ಕಿನ ಗೇಟಿಗೆ ಈಗ ಬೋರ್ಡು ಬಿದ್ದಿತ್ತು: ಪಾರ್ಕಿಂಗ್ ಕಟ್ಟಡಕ್ಕಾಗಿ ಮುಂದಿನ ಸೋಮವಾರದಿಂದ ಅಗೆತ.

"ಸರಿ, ಹೋಗಿ ನೋಡ್ಬಿಡೋಣ" ಎಂದು ಸೊಸೆ ಅಂದರೆ ಅತ್ತೆ ಕೇಳಬೇಕಲ್ಲ. ಊರವರ ಡಬ್ಬಿಗೇ ದಾರಿ ತಪ್ಪಿಸುವ ಯಂತ್ರ ಹಿಡಿದು ಅವರ ಡಬ್ಬಿಗೆ ಹೋಗುವುದಿಲ್ಲ, ಮೊದಲು ಇದು ರಿಪೇರಿಯಾಗಲಿ ಎಂದು ಒಂದೇ ಹಟ. ಮಗ, "ಹೊಸದು ಕೊಡಿಸ್ತೀನಿ ಬಿಡಮ್ಮಾ" ಎಂದದ್ದಕ್ಕೆ, "ನಿಮ್ಮಪ್ಪನ್ನೂ ಹೊಸದು ಕೊಡಿಸ್ತೀಯಾ?" ಎಂದು ಕೇಳಿದರು. ಅವನು ಅಂದಿನಿಂದ ಆ ವಿಷಯಕ್ಕೆ ಬಾಯಿ ಹಾಕಲಿಲ್ಲ. ರಿಪೇರಿ ಸೊಸೆಯ ತಲೆಗೆ ಬಿತ್ತು.

ಸೊಸೆ ಲಿಫ್ಟ್ ಮೆಕ್ಯಾನಿಕ್. ಹದಿನಾರು ಮಹಡಿಯ ಲಿಫ್ಟ್ ನಡುವೆ ನಿಂತರೂ ಅರ್ಧ ಗಂಟೆಯಲ್ಲಿ ಕಾರಣ ಹಿಡಿಯುವವಳು. ಅಂಥವಳಿಗೆ ಅಂಗೈಯಗಲದ ಈ ಯಂತ್ರ ಚಳ್ಳೆಹಣ್ಣು ತಿನ್ನಿಸಿತು. ಬ್ಯಾಟರಿ ಬದಲಿಸಿದಳು. ಬ್ಯಾಟರಿ ಕೂರುವ ತಗಡನ್ನು ರಬ್ಬರಿನಿಂದ ಉಜ್ಜಿದಳು. ಉಪಗ್ರಹ ಸಿಗಲಿ ಎಂದು ಮೈದಾನದ ನಡುವೆ ಬಿಸಿಲಲ್ಲಿ ಇಪ್ಪತ್ತು ನಿಮಿಷ ನಿಂತಳು. ಉಪಗ್ರಹ ಹನ್ನೊಂದು ಸಿಕ್ಕವು, ಡಬ್ಬಿ ಸಿಗಲಿಲ್ಲ. ದಿಕ್ಸೂಚಿ ಸರಿಪಡಿಸಲು ಗಿರಗಿರ ತಿರುಗು ಎಂದಿತು ಯಂತ್ರ. ಬೀದಿಯಲ್ಲಿ ಮೂರು ಸುತ್ತು ತಿರುಗಿದಳು, ಎದುರುಮನೆಯವರು ಕಿಟಕಿ ತೆರೆದು ನೋಡಿದರು. ಕಂಪನಿಗೆ ಫೋನ್ ಮಾಡಿದರೆ, "ಆಫ್ ಮಾಡಿ ಆನ್ ಮಾಡಿ ನೋಡಿದ್ರಾ ಮೇಡಂ?" ಅಯ್ಯೋ ಕರ್ಮವೇ! ಇದೇ ಮಾತನ್ನು ಅವಳು ದಿನಕ್ಕೆ ಹತ್ತು ಜನಕ್ಕೆ ಹೇಳುತ್ತಾಳೆ. ಕೇಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು.

"ತಪ್ಪಿದಾಗಲೆಲ್ಲ ಬರೆದಿಡಿ ಅತ್ತೆ" ಎಂದೂ ಹೇಳಿದ್ದಳು, ಹೇಳಿ ಮರೆತೂಬಿಟ್ಟಿದ್ದಳು. ಅತ್ತೆ ಮರೆಯಲಿಲ್ಲ. ಸೊಸೆಯ ಫೋನಿನ ಸಹಾಯದಿಂದ ಡಬ್ಬಿ ಸಿಕ್ಕ ಮೇಲೆ, ಯಂತ್ರ ನಿಲ್ಲಿಸಿದ್ದ ಜಾಗದಿಂದ ಅಲ್ಲಿಗೆ ಹೆಜ್ಜೆ ಎಣಿಸಿ, ಮನೆಗೆ ಬಂದು ಕನ್ನಡಕ ಹಾಕಿಕೊಂಡು, ರೋಗಿಯ ಜ್ವರ ಬರೆಯುವಂತೆ ಗೆರೆ ಎಳೆದು ಬರೆಯುತ್ತಿದ್ದರು. ಆ ಹಾಳೆಯನ್ನು ಸೊಸೆ ಕಣ್ಣೆತ್ತಿಯೂ ನೋಡಿರಲಿಲ್ಲ.

ಕೊನೆಗೆ ಶನಿವಾರ ಸಂಜೆ ರೇಗಿಹೋಗಿ, ಎರಡು ಗುಂಡಿ ಒತ್ತಿ ಹಿಡಿದು, ಯಂತ್ರವನ್ನು ಅಂಗಡಿಯಿಂದ ತಂದ ದಿನದ ಸ್ಥಿತಿಗೆ ತಂದಳು. ಭಾನುವಾರ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರದ ಡಬ್ಬಿಯಲ್ಲಿ ಪರೀಕ್ಷಿಸಿದರೆ, ಆಹಾ, ಮೂರೇ ಮೀಟರ್! ಅತ್ತೆ ಸೊಸೆಯ ಬೆನ್ನು ತಟ್ಟಿದರು. ಇಬ್ಬರೂ ನೇರ ಪಾರ್ಕಿಗೆ ನಡೆದರು. ಮಾರನೆಯ ದಿನವೇ ಅಗೆತ.

ಮಾವನ ಅಂಕಿ ಅವರನ್ನು ಪಾರ್ಕಿನ ಪಶ್ಚಿಮದ ಬೇಲಿಗೂ ಆಚೆ, ಟೈರ್ ಅಂಗಡಿಯ ಮುಂದೆ ನಿಲ್ಲಿಸಿತು. ಟೈರಿನ ರಾಶಿಯ ಸಂದಿಗಳಲ್ಲಿ, ಚರಂಡಿಯ ಕಲ್ಲಿನಡಿಯಲ್ಲಿ ಒಂದೂವರೆ ಗಂಟೆ ಹುಡುಕಿದರು. ಏನೂ ಇಲ್ಲ. ಅಂಗಡಿಯವನು ಎರಡು ಸಲ ಬಂದು, ಏನು ಕಳೆದುಕೊಂಡಿರಿ ಎಂದು ಕೇಳಿ ಹೋದ.

"ಹಾಳಾಗಿದ್ದಾಗ್ಲೇ ಚೆನ್ನಾಗಿತ್ತು!" ಅತ್ತೆ ಸಿಡಿದರು. "ಅವರು ಮುಟ್ಟಿದ ಯಂತ್ರ. ಎಲ್ಲ ಅಳಿಸಿ ಹಾಕಿದೆ ನೀನು."

"ನೀವೇ ತಾನೆ ಅತ್ತೆ, ಸರಿ ಮಾಡು ಸರಿ ಮಾಡು ಅಂತ ನನ್ನ ಪ್ರಾಣ ತಿಂದಿದ್ದು?" ಸೊಸೆಯೂ ಬಿಡಲಿಲ್ಲ. ಫೋನ್ ತೆಗೆದು ಅದೇ ಅಂಕಿ ಹಾಕಿದಳು. ಫೋನೂ ಟೈರ್ ಅಂಗಡಿಯನ್ನೇ ತೋರಿಸಿತು. "ನೋಡಿ, ಯಂತ್ರ ಸರಿಯಾಗಿದೆ. ಮಾವ ಬರೆದಿದ್ದೇ ತಪ್ಪು."

"ಅವರು ಅಂಕಿ ತಪ್ಪೋ ಜನ ಅಲ್ಲ" ಎಂದರು ಅತ್ತೆ. "ನೆಟ್‌ನಲ್ಲಿದ್ದ ಅಂಕೀನೂ ನಂಬ್ತಿರಲಿಲ್ಲ. ರಾತ್ರಿ ಊಟ ಆದ್ಮೇಲೆ ಕೂತು ಕೂಡಿಸಿ ಕಳೆದು, ಬೇರೆ ಅಂಕಿ ಮಾಡಿ ಬರ್ಕೊಳ್ಳೋರು. ಇದೇನು ದಿನಾ ಪರೀಕ್ಷೆ ಅಂತ ನಾನೇ ನಗ್ತಿದ್ದೆ."

ಸೊಸೆ ಅಲ್ಲೇ ನಿಂತಳು. "ಬೇರೆ ಅಂಕಿ ಮಾಡೋರಾ? ಅತ್ತೆ, ಆ ಹಾಳೆ ಎಲ್ಲಿ? ತಪ್ಪಿದ್ದು ಬರೆದ ಹಾಳೆ?"

ಅತ್ತೆ ಬ್ಯಾಗಿನಿಂದ ತೆಗೆದುಕೊಟ್ಟರು. ಏಳು ಡಬ್ಬಿ, ಏಳು ಸಾಲು. ಪಶ್ಚಿಮಕ್ಕೆ ೨೯೦ ಹೆಜ್ಜೆ. ಪಶ್ಚಿಮಕ್ಕೆ ೨೮೫. ಪಶ್ಚಿಮಕ್ಕೆ ೨೯೨. ಏಳೂ ಸಲ ಅದೇ ದಿಕ್ಕು, ಹೆಚ್ಚುಕಡಿಮೆ ಅದೇ ದೂರ. ಕೆಟ್ಟ ಯಂತ್ರ ಇಷ್ಟು ಶಿಸ್ತಾಗಿ ತಪ್ಪುವುದಿಲ್ಲ. ಅದು ಕೆಟ್ಟಿರಲೇ ಇಲ್ಲ. ಮಾವ ಬದುಕಿಡೀ ಬರೆದ ಹಳೆಯ ನಕ್ಷೆಗಳ ಲೆಕ್ಕವೇ ಬೇರೆ. ಅದರಲ್ಲಿ ಇದೇ ಜಾಗಕ್ಕೆ ನೆಟ್‌ನ ಅಂಕಿಗಿಂತ ಸ್ವಲ್ಪ ಬೇರೆ ಅಂಕಿ. ಯಂತ್ರವನ್ನು ಅವರು ಆ ಲೆಕ್ಕಕ್ಕೆ ಹೊಂದಿಸಿಟ್ಟಿದ್ದರು, ನೋಟ್‌ಬುಕ್ಕಿನ ಅಂಕಿಯೂ ಅದೇ ಲೆಕ್ಕದ್ದು. ಶನಿವಾರ ಅವಳು ಅಳಿಸಿದ್ದು ಆ ಹೊಂದಿಕೆಯನ್ನೇ. ಯಾವ ಯಂತ್ರವನ್ನೂ ಮುಟ್ಟುವ ಮೊದಲು ಅದು ಹೇಗಿತ್ತೆಂದು ಬರೆದಿಡಬೇಕು ಎಂದು ಕೈಕೆಳಗಿನವರಿಗೆಲ್ಲ ಪಾಠ ಹೇಳುವವಳು ಅವಳು. ತನ್ನ ಬೆಪ್ಪುತನಕ್ಕೆ ತಾನೇ ಹಣೆ ಚಚ್ಚಿಕೊಂಡಳು.

"ತಪ್ಪು ನಂದು ಅತ್ತೆ. ನಡೀರಿ, ಉಲ್ಟಾ ಹೋಗೋಣ. ಆಗ ನೆಟ್‌ನ ಹೊಸ ಅಂಕಿಗೆ ಯಂತ್ರದ್ದು ಹಳೆ ಲೆಕ್ಕ, ಈಗ ಮಾವನ ಹಳೆ ಅಂಕಿಗೆ ಯಂತ್ರದ್ದು ಹೊಸ ಲೆಕ್ಕ. ಆಗ ಪಶ್ಚಿಮಕ್ಕೆ ಸಿಕ್ತಿತ್ತು, ಈಗ ಪೂರ್ವಕ್ಕೆ ಸಿಗ್ಬೇಕು. ಹೆಜ್ಜೆ ನೀವೇ ಎಣಿಸಿ."

ಅತ್ತೆ ಎಣಿಸಿದರು. ಬೇಲಿಯ ಸಂದಿಯಿಂದ ಒಳಗೆ, ಉಯ್ಯಾಲೆ ದಾಟಿ, ಒಣಗಿದ ಹುಲ್ಲಿನ ಮೇಲೆ. ಇನ್ನೂರ ಎಂಬತ್ತೆಂಟಕ್ಕೆ ಒಂದು ಸಿಮೆಂಟ್ ಬೆಂಚು ಕಾಲಿಗೆ ತಾಗಿತು. ಸೊಸೆ ಮೊಣಕಾಲೂರಿ ಬೆಂಚಿನಡಿ ಕೈ ಹಾಕಿದಳು. ತಂತಿಯಿಂದ ಬಿಗಿದ, ತಿರುಪು ಮುಚ್ಚಳದ ಡಬ್ಬಿ.

ಒಳಗೆ ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್, ಬಟ್ಟೆಯಲ್ಲಿ ಸುತ್ತಿದ್ದ ಇನ್ನೇನೋ ಒಂದು. ಸೊಸೆ ಪುಸ್ತಕ ತೆರೆದು ಓದಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಬಟ್ಟೆ ಬಿಚ್ಚಿದ್ದರು. ಓದುವ ಕನ್ನಡಕ.

"ಕೊಡಿಲ್ಲಿ" ಎಂದು ಪುಸ್ತಕ ಕಸಿದುಕೊಂಡು, ಕನ್ನಡಕ ಏರಿಸಿಕೊಂಡು, ಅವರೇ ಓದಿದರು: "ಕನ್ನಡಕ ತಂದಿಲ್ಲ ಅನ್ನೋ ನೆಪ ಇಲ್ಲಿ ನಡೆಯೋದಿಲ್ಲ. ಸಹಿ ಹಾಕು."

ಎಂಟು ತಿಂಗಳಲ್ಲಿ ಯಾರ ಮುಂದೆಯೂ ಅಳದಿದ್ದ ಅತ್ತೆ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಸೊಸೆ ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಮೂಗು ಒರೆಸಿಕೊಂಡು ಪೆನ್ಸಿಲ್ ಎತ್ತಿ ನೋಡಿದರು.

"ಮೊನೆ ಮುರಿದಿದೆ ನೋಡು. ಇವರ ಕೆಲಸಾನೇ ಇಷ್ಟು."

ಸೊಸೆ ಜೇಬಿನಿಂದ ತಂತಿ ಸುಲಿಯುವ ಚಾಕು ತೆಗೆದು ಪೆನ್ಸಿಲ್ ಹೆರೆದು ಕೊಟ್ಟಳು. ಮೊದಲ ಸಾಲಿನಲ್ಲಿ ತಾರೀಕನ್ನು ಮಾವ ಮೊದಲೇ ಬರೆದಿಟ್ಟಿದ್ದರು. ಅವರು ಕರೆದಿದ್ದ ಆ ಭಾನುವಾರದ್ದು.

"ಅದನ್ನ ಹೊಡೆದುಹಾಕಿ ಇವತ್ತಿಂದು ಬರೀರಿ ಅತ್ತೆ."

"ಇರಲಿ ಬಿಡೆ" ಎಂದು, ಅತ್ತೆ ಆ ತಾರೀಕಿನ ಪಕ್ಕದಲ್ಲೇ ಸಹಿ ಹಾಕಿದರು.