ಚಿಟಿಕೆ ಧೈರ್ಯ

ಹಲ್ಲಿನ ಡಾಕ್ಟರಿಗೆ ಇದ್ದದ್ದು ಎರಡೇ ಶತ್ರುಗಳು, ಹುಳುಕು ಮತ್ತು ಪಾಚಿ. ಹುಳುಕಿನಿಂದ ಅವರ ಹೊಟ್ಟೆ ತುಂಬುತ್ತಿತ್ತು, ಪಾಚಿ ಹೊಟ್ಟೆ ಉರಿಸುತ್ತಿತ್ತು.

ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಬೆಂಚಿನ ಎದುರಿಗೆ ಆರಡಿ ಉದ್ದದ ಉಪ್ಪುನೀರಿನ ತೊಟ್ಟಿ. ಅದರಲ್ಲಿ ಒಂಬತ್ತು ಮೀನು, ಒಂದು ನೇರಳೆ ಹವಳ. ಉಗುರಿನಷ್ಟಿದ್ದ ಆ ಹವಳವನ್ನು ಡಾಕ್ಟರು ಐದು ವರ್ಷ ಸಾಕಿ ಅಂಗೈಯಗಲ ಮಾಡಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ನೋಡಿ, "ಇದೇನು ಹೂಕೋಸಾ?" ಎಂದ ರೋಗಿಯೊಬ್ಬರ ಮೇಲೆ ವಾರಗಟ್ಟಲೆ ಮುನಿಸಿಕೊಂಡಿದ್ದರು. ಈಗ ಅದರ ಬುಡಕ್ಕೆ ಕೂದಲಿನಂಥ ಹಸಿರು ಪಾಚಿ ಹತ್ತಿ ಮೇಲೇರುತ್ತಿತ್ತು.

ಪಾಚಿಗೆ ಮೇವು ಫಾಸ್ಫೇಟ್. ಡಾಕ್ಟರು ಪ್ರತಿ ಬೆಳಿಗ್ಗೆ ತೊಟ್ಟಿಯ ನೀರನ್ನು ಸಣ್ಣ ಗಾಜಿನ ಕೊಳವೆಗೆ ತುಂಬಿ ಹನಿಮದ್ದು ಬೆರೆಸಿ ನೋಡುವರು. ನೀರು ನೀಲಿಯಾದಷ್ಟೂ ಫಾಸ್ಫೇಟ್ ಹೆಚ್ಚು. ಅವರು ನೀರು ಬದಲಾಯಿಸಿದರು, ಫಾಸ್ಫೇಟ್ ಹೀರುವ ಪುಡಿಯ ಚೀಲ ಇಳಿಬಿಟ್ಟರು, ಮೀನಿಗೆ ದಿನಕ್ಕೆ ಒಂದೇ ಚಿಟಿಕೆ ಊಟ ಎಂದು ಕಟ್ಟುನಿಟ್ಟು ಮಾಡಿದರು. ಆದರೂ ಕೊಳವೆ ಕಡುನೀಲಿ! ರಜೆಯ ಮರುದಿನ ಮಾತ್ರ ಸ್ವಲ್ಪ ತಿಳಿ. ಪಥ್ಯದಲ್ಲಿದ್ದ ಮೀನುಗಳೋ ದಿನೇ ದಿನೇ ದುಂಡಗಾಗುತ್ತಿದ್ದವು.

ಡಾಕ್ಟರ ಹೆಂಡತಿಯೂ ಹಲ್ಲಿನ ಡಾಕ್ಟರೇ. "ತಿಂಗಳ ಕೊನೆಯೊಳಗೆ ಪಾಚಿ ಹೋಗ್ಬೇಕು ರೀ. ಇಲ್ಲಾಂದ್ರೆ ತೊಟ್ಟಿ ಹೋಗುತ್ತೆ. ಹೊರಗೆ ಇಷ್ಟು ಕೊಳೆ ನೋಡಿದೋರು ಒಳಗೆ ಬಂದು ಬಾಯಿ ತೆರೀತಾರಾ?" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಈ ಸ್ಥಿತಿಯಲ್ಲಿ ಜಾಗ ಬದಲಾದರೆ ಹವಳ ಬದುಕುವುದಿಲ್ಲವೆಂದು ಡಾಕ್ಟರಿಗೆ ಗೊತ್ತಿತ್ತು. ಅವರಿಗೆ ನಿದ್ದೆ ಹತ್ತಲಿಲ್ಲ.

ತಿಂಗಳು ಮುಗಿಯಲು ನಾಲ್ಕು ದಿನವಿದ್ದಾಗ ಡಾಕ್ಟರ ಸ್ವಂತ ದವಡೆಹಲ್ಲೇ ಕೈಕೊಟ್ಟಿತು. ಕೀಳಲೇಬೇಕು ಎಂದರು ಹೆಂಡತಿ. ಸಾವಿರಾರು ಹಲ್ಲು ಕಿತ್ತ ಮನುಷ್ಯನಿಗೆ ಕೈಕಾಲು ತಣ್ಣಗಾದವು.

"ಹೊರಗೆ ಕೂತ್ಕೊಳ್ಳಿ, ಕರೀತೀನಿ."

ಇಪ್ಪತ್ತು ವರ್ಷದಲ್ಲಿ ಅವರು ಆ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು. ಪಕ್ಕದ ಮೇಜಿನಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವವರು ಅವರ ಅಮ್ಮ. ಮಗ ಮತ್ತೆ ಮತ್ತೆ ಹೊರಬಾಗಿಲ ಕಡೆ ನೋಡುವುದನ್ನು ಕಂಡು ಎದ್ದುಬಂದರು, ಸೆರಗಿನ ಮರೆಯಿಂದ ಪುಟ್ಟ ಡಬ್ಬಿ ತೆಗೆದರು, ಅವರ ಅಂಗೈಗೆ ಒಂದು ಚಿಟಿಕೆ ಮೀನಿನ ಕಾಳು ಹಾಕಿದರು.

"ತೊಟ್ಟಿಗೆ ಹಾಕು ಪುಟ್ಟ. ಅವು ತಿನ್ನೋದು ನೋಡ್ತಾ ಇದ್ರೆ ಭಯ ಹೋಗುತ್ತೆ."

"ಅಮ್ಮಾ! ಎಲ್ಲರಿಗೂ ಹೀಗೇ ಕೊಡ್ತೀಯಾ?"

"ಎಲ್ಲರಿಗೂ ಯಾಕೆ? ಹೆದರ್ಕೊಂಡೋರಿಗೆ ಮಾತ್ರ."

"ಹೆದರದೇ ಇರೋರು ಎಷ್ಟು ಜನ ಬರ್ತಾರೆ?"

ಅಮ್ಮ ಯೋಚಿಸಿದರು. "ಇದುವರೆಗೂ ಯಾರೂ ಬಂದಿಲ್ಲಪ್ಪ."

ದಿನಕ್ಕೆ ಮೂವತ್ತು ರೋಗಿಗಳು, ಮೂವತ್ತು ಚಿಟಿಕೆ! ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಡಾಕ್ಟರ ಪಾಡು. ಸಿಟ್ಟು ನೆತ್ತಿಗೇರಿತು. ಏರಿದಷ್ಟೇ ಬೇಗ ಇಳಿಯಿತು. ಜನ ತಮ್ಮ ಕೈಗುಣ ನಂಬಿ ಬರುತ್ತಾರೆಂದು ಅವರು ಎಷ್ಟೋ ಸಲ ಬೀಗಿದ್ದುಂಟು. ಅರ್ಧ ಜನ ಬಾಗಿಲಿಂದಲೇ ಓಡಿಹೋಗದಂತೆ ತಡೆದದ್ದು ಈ ಡಬ್ಬಿ ಎಂದು ಈಗ ಹೊಳೆದು ಅವರಿಗೆ ನಾಚಿಕೆಯಾಯಿತು, ಅಮ್ಮನ ಮೇಲೆ ಅಕ್ಕರೆ ಉಕ್ಕಿತು.

"ಅಮ್ಮ, ಪಾಚಿ ಬೆಳೀತಿರೋದೇ ಇದರಿಂದ. ಹವಳ ಸಾಯುತ್ತೆ. ಇನ್ಮೇಲೆ ಒಂದು ಕಾಳೂ ಬೀಳಬಾರದು."

ಅಮ್ಮನ ಮುಖ ಸಪ್ಪಗಾಯಿತು. "ಅಯ್ಯೋ, ನಂಗೇನು ಗೊತ್ತು? ಆಯ್ತು, ಬಂದೋರ ಕೈ ಹಿಡ್ಕೊಂಡು ಕೂತ್ಕೋತೀನಿ ಬಿಡು. ಕೊಡು ಇಲ್ಲಿ ಅದನ್ನ" ಎಂದು ಕಾಳು ವಾಪಸು ತೆಗೆದುಕೊಳ್ಳಲು ಕೈ ಚಾಚಿದರು.

ಅಷ್ಟರಲ್ಲಿ ಒಳಗೆ ತಟ್ಟೆಯ ಮೇಲೆ ಇಕ್ಕಳ ಇಟ್ಟ ಸದ್ದು ಕೇಳಿಸಿತು. ಡಾಕ್ಟರು ಮುಷ್ಟಿ ಬಿಗಿಹಿಡಿದರು.

"ನಾಳೆಯಿಂದ ಅಂದೆ" ಎಂದು ಕಾಳನ್ನು ತೊಟ್ಟಿಗೆ ಉದುರಿಸಿದರು. ಒಂಬತ್ತು ಮೀನೂ ಮೇಲಕ್ಕೆ ಬಂದವು.

"ಬನ್ನಿ ರೀ!" ಹೆಂಡತಿ ಕರೆದರು.

ಡಾಕ್ಟರು ಮತ್ತೆ ಅಂಗೈ ಒಡ್ಡಿದರು.

"ಇನ್ನೊಂದೇ ಒಂದು ಚಿಟಿಕೆ ಕೊಡಮ್ಮ."