ಯಮನೂರಿನ ಹಾಲು, ತಿರ್ಲಾಪುರದ ಹೆಸರು

ತಿರ್ಲಾಪುರದ ಶಾಂಭವಿಗೆ ಒಂದು ಗುಣವಿತ್ತು. ತಾನು ಮಾಡಿದ್ದು ತಪ್ಪಾಗಿರಬಹುದು ಎಂಬ ಅನುಮಾನ ಆಕೆಗೆ ಕನಸಿನಲ್ಲೂ ಬರುತ್ತಿರಲಿಲ್ಲ. ಹೆಣ್ಣುಮಕ್ಕಳೇ ನಡೆಸುವ ಊರಿನ ಹಾಲಿನ ಡೇರಿಗೆ ಆಕೆಯೇ ಕಾರ್ಯದರ್ಶಿ. ದಿನವೂ ಬೆಳಗ್ಗೆ ಎಷ್ಟು ಲೀಟರ್ ಹಾಲು ಬಂತು, ಫ್ಯಾಟ್ ಎಷ್ಟಿತ್ತು ಎಂಬುದನ್ನು ಸುತ್ತಲಿನ ಊರುಗಳ ಹಾಲು ಕೂಡುವ ಶೀತಲ ಕೇಂದ್ರದ ಸರ್ವರ್ ಕಂಪ್ಯೂಟರಿಗೆ ಕಳಿಸಬೇಕಲ್ಲ, ಅದಕ್ಕೊಂದು ಪ್ರೋಗ್ರಾಮನ್ನು ತಾನೇ ಕೂತು ಬರೆದಿದ್ದಳು. ಬಿಸಿಎ ಓದಿ ಬಂದ ಸೊಸೆ ಎಂದರೆ ಸುಮ್ಮನೆ ಅಲ್ಲ ಎಂದು ಅತ್ತೆ ಸುಶೀಲವ್ವ ಓಣಿಯಲ್ಲಿ ಆಗಾಗ ನೆನಪು ಮಾಡಿಕೊಡುತ್ತಿದ್ದಳು.

ಅಂಥದ್ದರಲ್ಲಿ ಶೀತಲ ಕೇಂದ್ರದ ಮೇಲ್ವಿಚಾರಕ ಸುಭಾಸ ಫೋನು ಮಾಡಿದ. "ಮೇಡಂ, ಈ ಸಲ ತಿರ್ಲಾಪುರ ಮೊದಲ್ನೇ ನಂಬರ ಬಂದೈತ್ರಿ. ನಾಳೆ ಹನ್ನೊಂದಕ್ಕ ಸನ್ಮಾನ ಇಟ್ಟೀವಿ, ಬರ್ರಿ" ಎಂದ. ಎಷ್ಟು ಲೀಟರಿಗೆ ಮೊದಲನೆಯದು ಎಂದು ಆಕೆ ಕೇಳಿದಳೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವಂತಾಯಿತು. ಎಮ್ಮೆಗಳಿಗೆ ಹತ್ತಿಕಾಳು ತಿನ್ನಿಸಿ ಎಂದು ತಾನು ತಿಂಗಳಿಡೀ ಬಡಕೊಂಡದ್ದಕ್ಕೆ ಇದು ಫಲ ಎಂದುಕೊಂಡು ಬೀಗಿದಳು. ಹಾಲು ಒಂದಿಷ್ಟು ಹೆಚ್ಚಿದ್ದೂ ಖರೆ. ಸುಶೀಲವ್ವನಂತೂ ಸಂಜೆಯೊಳಗೆ ಊರಿಗೆಲ್ಲ ಡಂಗುರ ಹೊಡೆದುಬಿಟ್ಟಳು.

ಮಾರನೆಯ ದಿನ ಬೆಳಗ್ಗೆ ಏಳೂವರೆಗೆ ಯಮನೂರಿನ ಮುಮತಾಜ್ ಏದುಸಿರು ಬಿಡುತ್ತ ಡೇರಿಗೆ ಬಂದಳು. ಆಕೆ ಅಲ್ಲಿಯ ಡೇರಿಯ ಕಾರ್ಯದರ್ಶಿ, ಐವತ್ತೈದು ದಾಟಿದ ಹೆಂಗಸು. ಹನ್ನೊಂದು ದಿನದ ಹಿಂದೆ ಶಾಂಭವಿಯೇ ಹೋಗಿ ತನ್ನ ಪ್ರೋಗ್ರಾಮನ್ನು ಆಕೆಯ ಕಂಪ್ಯೂಟರಿಗೆ ಹಾಕಿಕೊಟ್ಟು ಬಂದಿದ್ದಳು. ನೆರೆಯವರು ಹೆಪ್ಪು ಕೇಳಿದರೆ ಯಾರಾದರೂ ಇಲ್ಲ ಅನ್ನುತ್ತಾರೆಯೇ, ಹಾಗೆ.

"ತಂಗೀ, ಇದನ್ನ ಓದು" ಎಂದು ಮುಮತಾಜ್ ಒಂದು ಪತ್ರ ಚಾಚಿದಳು. ಹನ್ನೊಂದು ದಿನದಿಂದ ಯಮನೂರಿನಿಂದ ಹಾಲಿನ ಲೆಕ್ಕವೇ ಬಂದಿಲ್ಲ, ಆದ್ದರಿಂದ ಇಂದು ಸಂಜೆಯಿಂದ ಟ್ಯಾಂಕರ್ ಆ ಊರಿಗೆ ಬರುವುದಿಲ್ಲ ಎಂದಿತ್ತು. "ದಿನಾ ನೂರಾ ತೊಂಬತ್ತು ಲೀಟರ್ ಹಾಕೇವಿ. ದಿನಾ ನಿನ್ನ ಮಶಿನ್ನು 'ಮುಟ್ಟಿತು' ಅಂತ ತೋರಿಸೈತಿ. ಎಲ್ಲಿ ಮುಟ್ಟಿತು ಬೇ? ಒಮ್ಮೆ ಟ್ಯಾಂಕರ್ ತಪ್ಪಿತು ಅಂದ್ರ ಮತ್ತ ನಮ್ಮೂರ ಕಡೆ ಹೊಳ್ಳಿ ನೋಡ್ತೈತೇನು?"

"ನನ್ನ ಪ್ರೋಗ್ರಾಮಿನಾಗ ಏನೂ ಇಲ್ರಿ ಅಕ್ಕಾರ. ಅವರ ಸರ್ವರೇ ಕೆಟ್ಟಿರಬೇಕು. ನಡೀರಿ, ಹೋಗೂಣು, ತೋರಿಸ್ತೀನಿ" ಎಂದು ಶಾಂಭವಿ ಸ್ಕೂಟಿ ಹೊರಗೆ ತೆಗೆದಳು. ಯಮನೂರು ಮುಟ್ಟುವವರೆಗೂ ಹಿಂದೆ ಕೂತವಳಿಗೆ ಸರ್ಕಾರಿ ಸರ್ವರುಗಳ ಜಾತಕವನ್ನೇ ಬಿಡಿಸಿ ಹೇಳಿದಳು.

ಯಮನೂರಿನ ಡೇರಿಯಲ್ಲಿ ಪ್ರೋಗ್ರಾಮ್ ತೆರೆದು, ಇಗೋ ನೋಡಿ ಎಂದು ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. ಪರದೆಯ ಮೇಲಿನ ಊರ ಹೆಸರನ್ನೇನೋ ಆಕೆ ಅಂದು ಯಮನೂರು ಎಂದು ಬದಲಿಸಿದ್ದಳು. ಆದರೆ ಫೈಲನ್ನು ಸರ್ವರ್‌ಗೆ ಹೊತ್ತೊಯ್ಯುವ, ಲೈಬ್ರರಿ ಎಂಬ ಸಿದ್ಧ ಕೋಡಿಗೆ ಕೊಡುವ ವಿಳಾಸದಲ್ಲಿ ತಿರ್ಲಾಪುರದ ಲಾಗಿನ್ನು, ತಿರ್ಲಾಪುರದ ಪಾಸ್‌ವರ್ಡು ಹಾಗೇ ಕೂತಿದ್ದವು. ಸರ್ವರ್‌ಗೆ ಗೊತ್ತಾಗುವುದು ಲಾಗಿನ್ ಒಂದೇ. ಯಮನೂರಿನ ಅಷ್ಟೂ ಹಾಲು ಹನ್ನೊಂದು ದಿನ ತಿರ್ಲಾಪುರದ ಹೆಸರಿಗೆ ಬಿದ್ದಿತ್ತು. ಎರಡೂ ಊರಿನ ಹಾಲು ಒಂದೇ ಟ್ಯಾಂಕರಿಗೆ ಹೋಗುತ್ತಿದ್ದುದರಿಂದ ಒಟ್ಟು ಲೀಟರು ಸರಿಯಾಗಿಯೇ ಹೊಂದಿಕೊಂಡು, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೊದಲನೇ ನಂಬರು ಎಲ್ಲಿಂದ ಬಂತು ಎಂಬುದು ಅದೇ ಗಳಿಗೆಗೆ ಹೊಳೆಯಿತು. ಶಾಂಭವಿಗೆ ಕಿವಿಯವರೆಗೂ ಬಿಸಿಯೇರಿತು. ಇಷ್ಟು ನಾಚಿಕೆ ಆಕೆ ಹುಟ್ಟಿದಾಗಿನಿಂದ ಪಟ್ಟಿರಲಿಲ್ಲ.

"ಅಕ್ಕಾರ, ತಪ್ಪು ನಂದೇ ಐತ್ರಿ. ನಿಮ್ಮ ಹಾಲು ನಮ್ಮ ಹೆಸರಿಗೆ ಬಂದೈತಿ."

ಬೈಗುಳಗಳೇನೂ ಕಡಿಮೆಯಿರಲಿಲ್ಲ ಮುಮತಾಜಳ ಬಳಿ, ಆದರೆ ಹೊತ್ತಿರಲಿಲ್ಲ. "ಬೈಯೋದು ಆಮ್ಯಾಲೆ ಬೈತೀನಿ. ಮೊದಲ ಇದನ್ನ ನೆಟ್ಟಗ ಮಾಡು" ಎಂದಳು.

"ಯಮನೂರಿಗಂತ ಒಂದು ಪಾಸ್‌ವರ್ಡ್ ಕೊಟ್ಟಿರ್ತಾರಲ್ರಿ?"

ಮುಮತಾಜ್ ಎಲೆ-ಅಡಿಕೆಯ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಅಡಿಯಿಂದ ನಾಲ್ಕು ಮಡಿಕೆಯ ಚೀಟಿ ತೆಗೆದಳು. "ಯಾರಿಗೂ ಕೊಡಬ್ಯಾಡ್ರಿ ಅಂದಿದ್ರು. ನೀ ಕೇಳಲಿಲ್ಲ, ನಾ ಕೊಡಲಿಲ್ಲ."

ನಾಚಿಕೆಯಲ್ಲೂ ಶಾಂಭವಿಗೆ ನಗು ಬಂತು. ಕೆಲಸಕ್ಕೆ ಕೈ ಹಚ್ಚಿದ ಮೇಲೆ ಆಕೆಗೆ ತನ್ನ ಹಳೆಯ ಧೈರ್ಯವೂ ಬಂತು. ಪಾಸ್‌ವರ್ಡನ್ನು ಪ್ರೋಗ್ರಾಮಿನೊಳಗೆ ಬರೆದದ್ದೇ ಮೂಲ ಪಾಪ. ಆ ಲೈಬ್ರರಿಗೆ ಹಿಂದಿನಿಂದಲೂ ಒಂದು ಪದ್ಧತಿಯಿದೆ. ಕಂಪ್ಯೂಟರಿನಲ್ಲೇ ಬೇರೆ ಒಂದು ಚಿಕ್ಕ ಫೈಲಿಟ್ಟು, ಅದರಲ್ಲಿ ಯಾವ ಸರ್ವರು, ಯಾವ ಲಾಗಿನ್ನು, ಯಾವ ಪಾಸ್‌ವರ್ಡು ಎಂದು ಬರೆದಿಟ್ಟರೆ ಅದು ತಾನೇ ಹೋಗಿ ಓದಿಕೊಳ್ಳುತ್ತದೆ. ಪ್ರೋಗ್ರಾಮನ್ನು ಹತ್ತು ಊರಿಗೆ ಹಂಚಿದರೂ ಆಯಾ ಊರಿನ ಗುಟ್ಟು ಆಯಾ ಊರಿನಲ್ಲೇ ಉಳಿಯುತ್ತದೆ. ಶಾಂಭವಿ ಚೀಟಿ ನೋಡಿ ಆ ಫೈಲು ಬರೆದಳು, ಬೇರೆಯವರಿಗೆ ಓದಲು ಬಾರದಂತೆ ಬಂದೋಬಸ್ತು ಮಾಡಿದಳು, ಫೈಲು ಓದಿಕೋ ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದಳು. ಪರೀಕ್ಷೆಗೆಂದು ಖಾಲಿ ಲೆಕ್ಕವೊಂದನ್ನು ಕಳಿಸಿ ಸುಭಾಸನಿಗೆ ಫೋನು ಹಚ್ಚಿದಳು.

"ಸರ್, ಈಗೊಂದು ಫೈಲ್ ಬಂತಲ್ರಿ, ಯಾರ ಹೆಸರಿಗೆ ಬಂತು?"

"ನಿಮ್ಮದ ರೀ ಮೇಡಂ, ತಿರ್ಲಾಪುರ."

ಹಾಳಾಗಿ ಹೋಗಲಿ! ಮುಮತಾಜ್ ಹಣೆ ಹಣೆ ಬಡಿದುಕೊಂಡಳು. ಶಾಂಭವಿ ಮಾತ್ರ ಜಗ್ಗಲಿಲ್ಲ, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದಳು. ಸಿಕ್ಕಿತು. ವಿಳಾಸದೊಳಗಿನ ಹಳೆಯ ಲಾಗಿನ್ನು ತೆಗೆಯುವುದನ್ನೇ ಮರೆತಿದ್ದಳು. ಫೈಲು ಇದ್ದರೆ ನೋಡಿಕೋ ಎಂದಷ್ಟೇ ಹೇಳಿದರೆ, ವಿಳಾಸದಲ್ಲಿ ಹೆಸರಿರುವಾಗ ಲೈಬ್ರರಿ ಅದನ್ನೇ ಹಿಡಿದು ಹೋಗುತ್ತದೆ. ಆಕೆ ವಿಳಾಸದಿಂದ ತಿರ್ಲಾಪುರವನ್ನು ಅಳಿಸಿ ಹಾಕಿದಳು. ಫೈಲನ್ನೇ ನೋಡಬೇಕು, ಬೇರೆ ಎಲ್ಲಿಂದಲೂ ಹೆಸರು ತೆಗೆದುಕೊಳ್ಳಕೂಡದು ಎಂದು ಕಟ್ಟುನಿಟ್ಟು ಮಾಡಿದಳು. ಮತ್ತೆ ಕಳಿಸಿದಳು.

ಫೋನಿನ ಆ ಕಡೆಯಿಂದ ಸುಭಾಸ, "ಅರೇ, ಯಮನೂರು ಬಂತಲ್ರಿ!" ಎಂದ.

ಮುಮತಾಜ್ ಶಾಂಭವಿಯ ಬೆನ್ನಿಗೊಂದು ಗುದ್ದು ಕೊಟ್ಟಳು. ಅದು ಪ್ರೀತಿಯೋ ಸಿಟ್ಟೋ ಹೇಳುವುದು ಕಷ್ಟ, ಪೆಟ್ಟಂತೂ ಜೋರಾಗಿತ್ತು.

ಶಾಂಭವಿ ನಡೆದದ್ದನ್ನೆಲ್ಲ ಸುಭಾಸನಿಗೆ ಒಂದನ್ನೂ ಮುಚ್ಚದೆ ಹೇಳಿದಳು. ಆತ ತೊದಲತೊಡಗಿದ. ಇವತ್ತಿನ ಒಂದು ಖಾಲಿ ಫೈಲು ನೋಡಿ ಟ್ಯಾಂಕರ್ ಉಳಿಸಲು ಬರುವುದಿಲ್ಲ, ಹನ್ನೊಂದು ದಿನದ ಲೆಕ್ಕ ತಿದ್ದಬೇಕು. ತಿದ್ದಲು ತಿರ್ಲಾಪುರದ ಕಾರ್ಯದರ್ಶಿ ತನ್ನ ತಪ್ಪನ್ನು ಕೈಯಾರೆ ಬರೆದುಕೊಡಬೇಕು. "ಬರೆದ್ರ ನಿಮ್ಮ ಮೊದಲ್ನೇ ನಂಬರ ಹೋಗ್ತೈತ್ರಿ ಮೇಡಂ. ಶಾಲು, ಹಾರ ಎಲ್ಲಾ ತಂದಿಟ್ಟೀವಿ. ಒಂದು ಕೆಲಸ ಮಾಡ್ರಿ. ಇವತ್ತು ಸನ್ಮಾನ ಮುಗೀಲಿ. ಮುಂದಿನ ವಾರ ಸಾವಕಾಶ ತಿದ್ದೂಣು. ಅಲ್ಲೀತನಕ ಯಮನೂರವರು ತಿರ್ಲಾಪುರಕ್ಕ ತಂದು ಹಾಲು ಹಾಕಲಿ."

ಮಾತೇನೋ ಸಿಹಿಯಾಗಿತ್ತು. ಮನೆಯಲ್ಲಿ ಇಳಕಲ್ ಸೀರೆ ಮಡಿಕೆ ಬಿಚ್ಚಿ ಕಾಯುತ್ತಿತ್ತು, ಓಣಿಯ ಅರ್ಧ ಜನ ಜೊತೆಗೆ ಬರಲು ತಯಾರಾಗಿದ್ದರು. ಒಂದು ವಾರ ತಾನೇ? ಶಾಂಭವಿಗೆ ಶಾಲಿನ ಆಸೆ ಇರಲಿಲ್ಲ ಅಂದರೆ ಸುಳ್ಳಾದೀತು. ಆಸೆ ಗಂಟಲವರೆಗೆ ಬಂದಿತ್ತು. ಎದುರಿಗೆ ಮುಮತಾಜ್ ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡುತ್ತಿದ್ದಳು. ಒಮ್ಮೆ ತಪ್ಪಿದ ಟ್ಯಾಂಕರ್ ಮತ್ತೆ ಹೊಳ್ಳಿ ನೋಡೀತೇ ಎಂದು ಬೆಳಗ್ಗೆ ಆಕೆ ಕೇಳಿದ್ದು ಶಾಂಭವಿಗೆ ನೆನಪಾಯಿತು.

"ಸರ್, ಮಂದಿ ಹಾಲಿಗೆ ನಾ ಶಾಲು ಹೊದ್ಕೊಳ್ಳಾಕಿ ಅಲ್ಲ. ಕಾಗದ ಈಗ ಬರೀತೀನಿ, ಫೋಟೋ ಕಳಿಸ್ತೀನಿ. ಸಂಜಿ ಟ್ಯಾಂಕರ್ ಯಮನೂರಿಗೆ ಬರಬೇಕು ನೋಡ್ರಿ" ಎಂದು ಫೋನಿಟ್ಟಳು. ಬರೆದು ಸಹಿ ಹಾಕಿದಳು. ಮುಮತಾಜ್ ಪೆನ್ನು ಕಸಿದುಕೊಂಡು, "ಚೀಟಿ ನನ್ನ ಸಂಚ್ಯಾಗ ಇತ್ತಲ್ಲ, ನಂದೂ ಇರಲಿ" ಎಂದು ಕೆಳಗೆ ತನ್ನದೊಂದು ಸಹಿ ಎಳೆದಳು.

ಸಂಜೆ ಯಮನೂರಿಗೆ ಟ್ಯಾಂಕರ್ ಬಂತೆಂದು ಮುಮತಾಜಳ ಫೋನು ಬಂದಾಗ ಶಾಂಭವಿ ತನ್ನ ಊರಿನ ಡೇರಿಯಲ್ಲಿದ್ದಳು. ಅಷ್ಟರಲ್ಲಿ ತನ್ನ ಕಂಪ್ಯೂಟರಿನಲ್ಲೂ ಅದೇ ತಿದ್ದುಪಡಿ ಮಾಡಿ, ಹಳೆಯ ಪಾಸ್‌ವರ್ಡನ್ನೂ ಬದಲಿಸಿದ್ದಳು. ಹೆಂಗಸರು ಕ್ಯಾನು ಹಿಡಿದು ಸಾಲು ನಿಂತಿದ್ದರು, ಎಲ್ಲರಿಗಿಂತ ಮುಂದೆ ಸುಶೀಲವ್ವ. ಸನ್ಮಾನ ಯಾಕೆ ನಿಂತಿತು ಎಂದು ಓಣಿಯವರು ಕೇಳಿಯಾರೆಂದು ಅಲ್ಲಿಯವರೆಗೆ ಯಾರಿಗೂ ಮುಖ ತೋರಿಸಿರಲಿಲ್ಲ ಆಕೆ. ಶಾಂಭವಿ ಎಲ್ಲರೆದುರು ಇದ್ದದ್ದು ಇದ್ದಂತೆ ಹೇಳಿದಳು. ತಿರ್ಲಾಪುರದ್ದು ಈಗ ಒಂಬತ್ತನೇ ನಂಬರು ಎಂದಳು.

"ನಮ್ಮ ಹಾಲು ಖರೇನ ಇಷ್ಟೇನ?" ಎಂದಳು ಸುಶೀಲವ್ವ.

"ಇಷ್ಟ ರೀ ಅತ್ತಿ" ಎಂದಳು ಶಾಂಭವಿ, ತಲೆಯೆತ್ತಿಯೇ. "ಆದ್ರ ಇದ್ರಾಗ ಒಂದು ಹನಿನೂ ಮಂದೀದಲ್ಲ."

ಸುಶೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ತನ್ನ ಕ್ಯಾನನ್ನು ಮುಂದಕ್ಕೆ ತಳ್ಳಿದಳು.

"ಹಂಗಾರ ನಂದು ಮೊದಲ ಬರಕೋ."