ತಲೆಕೆಳಗಾದ ಅಕ್ಷರ

ನಾಮಫಲಕದ ಮೂರನೆಯ ಹಿತ್ತಾಳೆ ಅಕ್ಷರವನ್ನು ಹಗ್ಗದಲ್ಲಿ ಮೇಲೆಳೆಯುವಾಗ ಅದು ಗಿರಕ್ಕನೆ ತಿರುಗಿ ತಲೆಕೆಳಗಾಯಿತು. ಏಣಿಯ ತುದಿಯಲ್ಲಿದ್ದ ಎರಕದವನು ಗಾಬರಿಯಿಂದ ಬಗ್ಗಿ ನೋಡಿದ. ಕೆಳಗೆ, ನಾಟಕಶಾಲೆಯ ಬಾಗಿಲೆದುರು, ಅವನ ಹೆಂಡತಿ ಆಗತಾನೇ ಬಂದು ನಿಂತಿದ್ದಳು.

ಬೇರೆ ಯಾರೇ ಆಗಿದ್ದರೂ ಚಿಂತೆಯಿರಲಿಲ್ಲ. ಅವಳು ಅಕ್ಷರ ರಚಿಸುವವಳು. ಬರೆದದ್ದನ್ನು ಯಾವಾಗಲೂ ತಲೆಕೆಳಗು ಮಾಡಿಯೇ ಪರೀಕ್ಷಿಸುವವಳು. ನೆಟ್ಟಗಿದ್ದರೆ ಕಣ್ಣು ಓದಿಬಿಡುತ್ತದೆ, ನೋಡುವುದಿಲ್ಲ ಅನ್ನುವುದು ಅವಳ ವಾದ. ಇಷ್ಟು ವರ್ಷ ಕಂಡವರ ಅಕ್ಷರಗಳನ್ನೇ ತಿದ್ದಿ ತೀಡಿದವಳ ಮೊದಲ ಸ್ವಂತ ಅಕ್ಷರಮಾಲೆ ಇದು. ಕಂಬದಂಥ ದಪ್ಪ ಗೆರೆ, ಅದಕ್ಕಂಟಿಕೊಂಡೇ ಕೂದಲೆಳೆಯಂಥ ಸಣ್ಣ ಗೆರೆ, ಅಡಿಯಲ್ಲಿ ಚೂಪಾದ ಪುಟ್ಟ ಪಾದ. ಪುಸ್ತಕದ ಒಳಪುಟಕ್ಕಲ್ಲ, ಜನ ಬೀದಿಯಲ್ಲಿ ಕತ್ತೆತ್ತಿ ನೋಡುವುದಕ್ಕೆ. "ನನ್ನ ಸಣ್ಣ ಗೆರೆ ಮಾತ್ರ ಮುಟ್ಬೇಡಿ" ಎಂದು ಹೇಳಿಯೇ ನಕ್ಷೆ ಕೊಟ್ಟಿದ್ದಳು. ಈ ಮಹಾರಾಯ ಮುಟ್ಟಿದ್ದ.

"ರೀ, ಇಳ್ಸಿ ಅದನ್ನ."

"ಏನಾಯ್ತೇ? ಇನ್ನೆರಡು ಹಾಕಿದ್ರೆ ಮುಗೀತು."

"ಇಳ್ಸಿ ಅಂದೆ."

ಇಳಿಸಿದ. ತಾನೂ ಇಳಿದು ಬಂದ. ಹಿತ್ತಾಳೆಯ ಸಣ್ಣ ಗೆರೆಯ ಮೇಲೆ ಅವಳು ಹೆಬ್ಬೆರಳಿನ ಉಗುರಿಟ್ಟಳು. ಉಗುರಿನ ಎರಡು ಪಕ್ಕದಲ್ಲೂ ಲೋಹ ಉಳಿದಿತ್ತು.

"ಯಾರನ್ನ ಕೇಳಿ ದಪ್ಪ ಮಾಡಿದ್ರಿ?"

ಅವನು ಸಾಮಾನಿನ ಚೀಲದ ತಳದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದ. ಅವಳ ನಕ್ಷೆಯಂತೆಯೇ ಎರಕ ಹೊಯ್ದ ಮೊದಲ ಅಕ್ಷರ. ಸಣ್ಣ ಗೆರೆ ನಟ್ಟನಡುವೆ ಮುರಿದಿತ್ತು.

"ಅಚ್ಚಿಂದ ಎತ್ತಿದ ಕೂಡ್ಲೇ ಹೋಯ್ತು ಕಣೇ. ಮೇಲೆ ಹಾಕಿದ್ರೆ ಗಾಳಿಗೆ ಯಾರ ತಲೆ ಮೇಲೆ ಬೀಳ್ತಿತ್ತೋ. ಹೇಳೋಕೆ ಬಾಯಿ ಬರ್ಲಿಲ್ಲ. ನಿಂಗೆ ಬೇಜಾರಾಗುತ್ತೆ ಅಂತ..."

"ಬೇಜಾರಾಗ್ಬೇಕಾಗಿದ್ದು ನಂಗೆ. ಅದನ್ನೂ ನೀವೇ ಬಚ್ಚಿಟ್ಕೊಂಡ್ರಾ?"

ನಾಟಕಶಾಲೆಯ ಯಜಮಾನ ಬಾಗಿಲಿಗೆ ಬಂದ. "ಏನಮ್ಮಾ ಇದು, ಬೀದೀಲಿ ಗಂಡ ಹೆಂಡ್ತಿ ಜಗಳ? ಚೆನ್ನಾಗೇ ಕಾಣ್ತಿದೆಯಲ್ಲ! ನಾಳೆ ಆಟ ಶುರು. ಹಾಕಿ ಮುಗ್ಸಿ, ಇಲ್ಲಾಂದ್ರೆ ಬೇರೆಯವ್ರನ್ನ ಕರೀತೀನಿ."

ಅವಳು ಮೇಲೆ ನೋಡಿದಳು. ಗೋಡೆಯ ಮೇಲಿನ ಎರಡು ಅಕ್ಷರಗಳಲ್ಲಿ ದಪ್ಪದ್ದಕ್ಕೆ ಗತ್ತಿಲ್ಲ, ಸಣ್ಣದಕ್ಕೆ ನಾಜೂಕಿಲ್ಲ. ಆದರೂ ಹೂಂ ಅಂದುಬಿಟ್ಟರೆ ನಾಳೆ ಇಡೀ ಊರು ಅದನ್ನು ಓದುತ್ತಿತ್ತು.

"ಸಣ್ಣದು ಇಷ್ಟು ದಪ್ಪ ಇರ್ಲೇಬೇಕಾ?" ಎಂದು ಗಂಡನನ್ನು ಕೇಳಿದಳು.

"ಇರ್ಲೇಬೇಕು."

"ಹಾಗಾದ್ರೆ ದಪ್ಪದ್ದು ಇನ್ನೂ ದಪ್ಪ ಆಗ್ಬೇಕು. ಮೊದಲಿಂದ ಬರೀತೀನಿ. ಎಲ್ಲಾ ಇಳ್ಸಿ." ಯಜಮಾನನ ಕಡೆ ತಿರುಗಿದಳು. "ನೀವು ಯಾರನ್ನ ಬೇಕಾದ್ರೂ ಕರ್ಕೊಳ್ಳಿ ಸ್ವಾಮಿ. ನನ್ನ ಅಕ್ಷರ ಹೀಗೆ ಗೋಡೆ ಮೇಲಿರಲ್ಲ."

ಯಜಮಾನ ದುಮುಗುಡುತ್ತಾ ಒಳಗೆ ಹೋದ. ಕರೆಯುತ್ತಾನೋ ಕಾಯುತ್ತಾನೋ ದೇವರೇ ಬಲ್ಲ. ಅವಳು ಮೆಟ್ಟಿಲ ಮೇಲೆ ಕಾಗದ ಹರಡಿ ಕೂತಳು.

ಎರಕದವನು ಮತ್ತೆ ಏಣಿ ಹತ್ತಿ ತಿರುಪು ಬಿಚ್ಚಿದ. ಅಕ್ಷರವನ್ನು, ಅವಳು ಹೇಳದೆಯೇ, ತಲೆಕೆಳಗು ಮಾಡಿ ಹಗ್ಗಕ್ಕೆ ಕಟ್ಟಿ, ಅವಳ ಕಣ್ಣೆದುರಿಗೆ ಮೆಲ್ಲಗೆ ಇಳಿಬಿಟ್ಟ.